ಮೂತ್ರಪಿಂಡದ ದಾನ: ಕೇಳುವ ಕಷ್ಟ, ಕೊಡುವ ಸ್ವಾತಂತ್ರ್ಯ

ಅನ್ನದಾನ ದೊಡ್ಡದು, ವಿದ್ಯಾದಾನ ಅದಕ್ಕಿಂತಲೂ ದೊಡ್ಡದು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ತನ್ನ ಶರೀರದ ಭಾಗವನ್ನೇ ದಾನ ಮಾಡಿದವರ ಕಥೆಗಳೂ ಕನ್ನಡಿಗರಿಗೆ ಹೊಸತಲ್ಲ. ದೇವತೆಗಳಿಗೆ ಎಲುಬನ್ನಿತ್ತ ದಧೀಚಿ, ಪಾರಿವಾಳದ ತೂಕಕ್ಕೆ ತನ್ನ ಮಾಂಸವನ್ನು ಕೊಯ್ದಿಟ್ಟ ಶಿಬಿ, ಶಿವನಿಗೆ ಕಣ್ಣನ್ನೇ ಕಿತ್ತುಕೊಟ್ಟ ಬೇಡರ ಕಣ್ಣಪ್ಪ, ಇವರ ಕಥೆಗಳನ್ನು ಹರಿಕಥೆಯಲ್ಲೋ ಯಕ್ಷಗಾನದಲ್ಲೋ ಕೇಳದವರು ವಿರಳ. 1954ರಲ್ಲಿ ‘ಬೇಡರ ಕಣ್ಣಪ್ಪ’ ಚಲನಚಿತ್ರವು ತೆರೆಕಂಡು ರಾಜಕುಮಾರರನ್ನು ನಾಡಿಗೆ ನಾಯಕನಟರನ್ನಾಗಿ ಪರಿಚಯಿಸಿತು. ಕಾಕತಾಳೀಯವೆಂಬಂತೆ ಅದೇ ವರ್ಷದ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರೆ ಮತ್ತು ಅವರ ಸಂಗಡಿಗರು ರೊನಾಲ್ಡ್ ಹೆರಿಕ್ ಎಂಬ ಯುವಕನ ಒಂದು ಮೂತ್ರಪಿಂಡವನ್ನು ತೆಗೆದು, ಸಾವಿನ ಅಂಚಿನಲ್ಲಿದ್ದ ಅವನ ಅವಳಿ ಸಹೋದರ ರಿಚರ್ಡನ ಶರೀರದಲ್ಲಿ ಕಸಿ ಮಾಡಿ ಯಶಸ್ವಿಯಾದರು. ರಿಚರ್ಡ್ ಮತ್ತೆ ಎಂಟು ವರ್ಷ ಬಾಳಿದನು. ಕೊಟ್ಟ ರೊನಾಲ್ಡ್ ಒಂದೇ ಮೂತ್ರಪಿಂಡದೊಂದಿಗೆ 2010ರವರೆಗೆ ಬದುಕಿ, 79ನೆಯ ವಯಸ್ಸಿನಲ್ಲಿ ತೀರಿಕೊಂಡನು. ಡಾ. ಮರೆಯವರಿಗೆ 1990ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ತೆರೆಯ ಮೇಲೆ ಕಣ್ಣಪ್ಪನಾಗಿದ್ದ ರಾಜಕುಮಾರರ ಕಣ್ಣುಗಳು 2006ರಲ್ಲಿ ಅವರ ನಿಧನಾನಂತರ ನಿಜವಾಗಿಯೂ ದಾನವಾದವು.

ಪುರಾಣದ ಕಥೆಗಳಲ್ಲಿ ಕೊಡುವವನ ಮಹಿಮೆ ಎದ್ದು ಕಾಣುತ್ತದೆ. ಕೇಳುವವನ ಸಂಕಟವನ್ನು ಯಾರೂ ವರ್ಣಿಸಿಲ್ಲ. ಕೊಡಲಾರದವನ ಮನಸ್ಸಿನ ಮಾತಂತೂ ಅಲ್ಲಿ ಇಲ್ಲವೇ ಇಲ್ಲ. ಆದರೆ ಮೂತ್ರಪಿಂಡಗಳು ಕೆಟ್ಟುಹೋದ ಇಂದಿನ ಒಂದು ಸಾಮಾನ್ಯ ಸಂಸಾರದಲ್ಲಿ ಈ ಮೂವರೂ ಒಂದೇ ಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕಾಗುತ್ತದೆ.

ಸದ್ದಿಲ್ಲದೆ ಬರುವ ರೋಗ

ಬೆನ್ನೆಲುಬಿನ ಇಕ್ಕೆಲಗಳಲ್ಲಿ, ಪಕ್ಕೆಲುಬುಗಳ ಕೆಳಭಾಗದಲ್ಲಿ, ಅವರೆಬೀಜದ ಆಕಾರದ ಎರಡು ಮೂತ್ರಪಿಂಡಗಳಿವೆ. ಒಂದೊಂದರ ತೂಕ ಸುಮಾರು 150 ಗ್ರಾಂ. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಘಟಕಗಳಿವೆ. ಇವು ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ, ಬೇಕಾದುದನ್ನೆಲ್ಲ ರಕ್ತಕ್ಕೆ ಮರಳಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಕಳಿಸುತ್ತವೆ. ರಕ್ತದ ಒತ್ತಡವನ್ನು ಹದದಲ್ಲಿಡುವುದು, ರಕ್ತಕಣಗಳ ಉತ್ಪತ್ತಿಗೆ ಪ್ರೇರಣೆ ನೀಡುವುದು, ಎಲುಬುಗಳ ದಾರ್ಢ್ಯವನ್ನು ಕಾಪಾಡುವುದು, ಇವೂ ಅವುಗಳ ಕೆಲಸಗಳೇ.

ಇಷ್ಟು ದುಡಿಯುವ ಅಂಗವು ಕೆಡುವಾಗ ಸದ್ದು ಮಾಡುವುದಿಲ್ಲ. ದೀರ್ಘಕಾಲದ ಸಕ್ಕರೆ ಕಾಯಿಲೆ ಮತ್ತು ಹತೋಟಿಯಿಲ್ಲದ ರಕ್ತದ ಒತ್ತಡ, ಇವೆರಡೇ ಇದರ ಮುಖ್ಯ ಕಾರಣಗಳು. ವೈದ್ಯರನ್ನು ಕೇಳದೆ ವರ್ಷಗಟ್ಟಲೆ ನುಂಗುವ ನೋವಿನ ಮಾತ್ರೆಗಳೂ, ಲೋಹಾಂಶವಿರುವ ಕೆಲವು ಭಸ್ಮಗಳೂ ತಮ್ಮ ಪಾಲಿನ ಹಾನಿಯನ್ನು ಮಾಡುತ್ತವೆ. ಕಾಲಿನ ಬಾವು, ನೊರೆಯಾಗುವ ಮೂತ್ರ, ಮುಂಜಾನೆಯ ಓಕರಿಕೆ, ಮೈ ತುರಿಕೆ, ಮೆಟ್ಟಿಲು ಹತ್ತಲಾರದ ಆಯಾಸ ಇವು ಕಾಣಿಸಿಕೊಳ್ಳುವ ವೇಳೆಗೆ ಬಹುಭಾಗ ಶಕ್ತಿಯು ಸೋರಿಹೋಗಿರುತ್ತದೆ. ಮಹಾನಗರದ ಕನ್ನಡಿಗನು ಆಯಾಸಕ್ಕೆ ಲೋಕಲ್ ಗಾಡಿಯ ನೂಕುನುಗ್ಗಲನ್ನೂ, ಓಕರಿಕೆಗೆ ಹೋಟೆಲಿನ ಊಟವನ್ನೂ ಕಾರಣವೆಂದು ಬಗೆದು ಸುಮ್ಮನಾಗುತ್ತಾನೆ. ಮೂತ್ರದಲ್ಲಿ ಆಲ್ಬುಮಿನ್ ಇದೆಯೇ, ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಎಂಬ ಎರಡು ಸುಲಭ ಪರೀಕ್ಷೆಗಳನ್ನು ವರ್ಷಕ್ಕೊಮ್ಮೆ ಮಾಡಿಸಿಕೊಂಡರೆ ಎಷ್ಟೋ ಮನೆಗಳಲ್ಲಿ ಮುಂದಿನ ಕಥೆಯೇ ನಡೆಯುವುದಿಲ್ಲ.

ಯಂತ್ರದ ಆಸರೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜರ್ಮನರ ವಶದಲ್ಲಿದ್ದ ಹಾಲೆಂಡಿನಲ್ಲಿ ವಿಲೆಮ್ ಕೋಲ್ಫ್ ಎಂಬ ವೈದ್ಯನು 1943ರಲ್ಲಿ ಮರದ ಪಟ್ಟಿಗಳ ಪೀಪಾಯಿಯೊಂದಕ್ಕೆ ಸೆಲೊಫೇನ್ ಕೊಳವೆಯನ್ನು ಸುತ್ತಿ, ಅದರೊಳಗೆ ರೋಗಿಯ ರಕ್ತವನ್ನು ಹರಿಸಿ ತೊಳೆಯುವ ಯಂತ್ರವನ್ನು ನಿರ್ಮಿಸಿದನು. ಮೊದಲಿನ ರೋಗಿಗಳನ್ನು ಉಳಿಸಿಕೊಳ್ಳಲಾಗಲಿಲ್ಲ. 1945ರಲ್ಲಿ 67 ವರ್ಷದ ಹೆಂಗಸೊಬ್ಬಳು ಬದುಕಿ ಉಳಿದಾಗ ಡಯಾಲಿಸಿಸ್ ಎಂಬ ಚಿಕಿತ್ಸೆಗೆ ನೆಲೆ ದೊರೆಯಿತು.

ಭಾರತದ ಜನಸಾಮಾನ್ಯರ ಕಿವಿಗೆ ಈ ಶಬ್ದವು ಬಿದ್ದುದು ಬಹುಮಟ್ಟಿಗೆ ಜಯಪ್ರಕಾಶ ನಾರಾಯಣರ ಮೂಲಕ. 1975ರ ತುರ್ತುಪರಿಸ್ಥಿತಿಯ ಬಂಧನದಲ್ಲಿದ್ದಾಗ ಅವರ ಮೂತ್ರಪಿಂಡಗಳು ಕೆಟ್ಟವು. ಬಿಡುಗಡೆಯಾದ ಮೇಲೆ ಮುಂಬಯಿಯ ಜಸ್ಲೋಕ್ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಪ್ರಾರಂಭವಾಯಿತು. ಅಂದಿನಿಂದ 1979ರ ಅಕ್ಟೋಬರಿನಲ್ಲಿ ಕೊನೆಯುಸಿರೆಳೆಯುವವರೆಗೆ ಅವರು ಯಂತ್ರದ ಆಸರೆಯಲ್ಲಿಯೇ ಬಾಳಿದರು. 1977ರ ಚುನಾವಣೆಯಲ್ಲಿ ದೇಶದ ರಾಜಕೀಯವು ದಿಕ್ಕು ಬದಲಿಸಿದುದು ಅದೇ ಅವಧಿಯಲ್ಲಿ ಎಂಬುದನ್ನು ನೆನೆದರೆ, ಡಯಾಲಿಸಿಸ್ ಎಂದರೆ ಬದುಕಿನ ಮುಕ್ತಾಯವಲ್ಲ ಎಂಬುದು ಮನದಟ್ಟಾಗುತ್ತದೆ.

ಆದರೂ ಅದು ಸುಲಭದ ಬದುಕಲ್ಲ. ವಾರಕ್ಕೆ ಎರಡು ಅಥವಾ ಮೂರು ಸಲ, ಪ್ರತಿ ಸಲವೂ ಸುಮಾರು ನಾಲ್ಕು ಗಂಟೆಗಳ ಕಾಲ ಮಂಚದ ಮೇಲೆ ಮಲಗಬೇಕು. ರಕ್ತವನ್ನು ಹೊರತೆಗೆಯಲು ಅನುಕೂಲವಾಗುವಂತೆ ತೋಳಿನ ಒಂದು ಅಭಿಧಮನಿಯನ್ನು ಅಪಧಮನಿಗೆ ಜೋಡಿಸಿರುತ್ತಾರೆ. ಆ ಕೈಯಲ್ಲಿ ಭಾರ ಎತ್ತಬಾರದು, ರಕ್ತದ ಒತ್ತಡ ನೋಡಿಸಬಾರದು, ಸೂಜಿ ಚುಚ್ಚಿಸಬಾರದು. ಇಷ್ಟಾದರೂ ಯಂತ್ರವು ಮಾಡುವುದು ನಿಜವಾದ ಮೂತ್ರಪಿಂಡದ ಕೆಲಸದ ಸಣ್ಣದೊಂದು ಪಾಲನ್ನು ಮಾತ್ರ. 2016ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಚಿಕಿತ್ಸೆ ದೊರೆಯುವಂತಾಗಿರುವುದು ದೊಡ್ಡ ಸಮಾಧಾನ. ಆದರೆ ಕೆಲಸದ ರಜೆ, ಹೋಗಿಬರುವ ದಾರಿ, ಜತೆಗೆ ಬರುವವರ ದಿನಗೂಲಿ, ಇವುಗಳ ಲೆಕ್ಕವನ್ನು ಯಾವ ಯೋಜನೆಯೂ ಪೂರ್ತಿ ತುಂಬಿಕೊಡಲಾರದು.

ಅಡುಗೆಮನೆಯ ಕಟ್ಟುಪಾಡು

ಕನ್ನಡಿಗರ ಮನೆಯಲ್ಲಿ ಈ ರೋಗವು ಮೊದಲು ಕೈಹಾಕುವುದು ಅಡುಗೆಮನೆಗೆ. ದಣಿದವರಿಗೆ, ಬಾಯಾರಿದವರಿಗೆ ಎಳನೀರು ಕೊಡುವುದು ಊರಿನ ರೂಢಿ. ಮೂತ್ರಪಿಂಡ ಕೆಟ್ಟವರಿಗೆ ಅದೇ ಅಪಾಯಕಾರಿ. ಎಳನೀರಿನಲ್ಲಿಯೂ ಬಾಳೆಹಣ್ಣಿನಲ್ಲಿಯೂ ಹೇರಳವಾಗಿರುವ ಪೊಟ್ಯಾಸಿಯಮ್ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ನಿಲ್ಲಬಹುದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳು ಉಪ್ಪಿನ ಕಾರಣದಿಂದ ವರ್ಜ್ಯ. ಉಪ್ಪಿಗೆ ಬದಲಾಗಿ ಮಾರಾಟವಾಗುವ ‘ಕಡಿಮೆ ಸೋಡಿಯಮ್’ ಉಪ್ಪಿನಲ್ಲಿ ಪೊಟ್ಯಾಸಿಯಮ್ ಇರುವುದರಿಂದ ಅದು ಇನ್ನೂ ಕೆಟ್ಟದ್ದು. ಕರಾವಳಿಯ ಹಿತ್ತಿಲಲ್ಲಿ ಬೆಳೆಯುವ ದಾರೆಹುಳಿ, ಬಿಂಬುಳಿಗಳನ್ನು ಮುಟ್ಟಲೇಬಾರದು. ತರಕಾರಿಯನ್ನು ಹೆಚ್ಚಿ, ನೀರಿನಲ್ಲಿ ನೆನೆಸಿ, ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಿದ ಬಳಿಕವೇ ಒಗ್ಗರಣೆ. ಕುಡಿಯುವ ನೀರಿಗೂ ಅಳತೆ. ಹಿಂದಿನ ದಿನದ ಮೂತ್ರದ ಪ್ರಮಾಣಕ್ಕೆ ಸುಮಾರು ಅರ್ಧ ಲೀಟರು ಸೇರಿಸಿದಷ್ಟು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಸಾರು, ಮಜ್ಜಿಗೆ, ಕಾಫಿಗಳೂ ಅದರೊಳಗೇ ಬರುತ್ತವೆ. ಪ್ರತಿಯೊಬ್ಬ ರೋಗಿಯ ಪಥ್ಯವೂ ಬೇರೆಯಾದುದರಿಂದ ವೈದ್ಯರ ಮಾತೇ ಕೊನೆಯದು.

ಯಾರು ಕೊಡಬಹುದು?

ಯಂತ್ರದಿಂದ ಬಿಡುಗಡೆ ದೊರೆಯುವುದು ಕಸಿಯಿಂದ ಮಾತ್ರ. ಭಾರತದಲ್ಲಿ ಜೀವಂತ ದಾನಿಯ ಮೂತ್ರಪಿಂಡದ ಕಸಿಯು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ 1971ರಲ್ಲಿ ಯಶಸ್ವಿಯಾಯಿತು. ಕೆಟ್ಟ ಮೂತ್ರಪಿಂಡಗಳನ್ನು ಸಾಮಾನ್ಯವಾಗಿ ಇದ್ದಲ್ಲಿಯೇ ಬಿಟ್ಟು, ಹೊಸದನ್ನು ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ಕೂರಿಸುತ್ತಾರೆ. ಪರಕೀಯ ಅಂಗವನ್ನು ಶರೀರವು ತಿರಸ್ಕರಿಸದಂತೆ ತಡೆಯುವ ಔಷಧಗಳನ್ನು ಜೀವನಪೂರ್ತಿ, ಒಂದು ಹೊತ್ತೂ ತಪ್ಪದೆ ಸೇವಿಸಬೇಕು. ಹಾಗೆ ನಡೆದುಕೊಂಡರೆ ಜೀವಂತ ದಾನಿಯ ಮೂತ್ರಪಿಂಡವು ಹತ್ತು ಹದಿನೈದು ವರ್ಷ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ ದುಡಿಯುತ್ತದೆ.

ದಾನಿಯ ರಕ್ತದ ಗುಂಪು ಹೊಂದಬೇಕು. ‘ಓ’ ಗುಂಪಿನವರು ಎಲ್ಲರಿಗೂ ಕೊಡಬಹುದು, ‘ಎಬಿ’ ಗುಂಪಿನವರು ಎಲ್ಲರಿಂದಲೂ ಪಡೆಯಬಹುದು. ಪಾಸಿಟಿವ್, ನೆಗೆಟಿವ್ ಎಂಬ ಭೇದ ಇಲ್ಲಿ ಅಡ್ಡಬರುವುದಿಲ್ಲ. ಅನಂತರ ಅಂಗಾಂಶಗಳ ಹೊಂದಾಣಿಕೆಯ ಪರೀಕ್ಷೆ. ತಂದೆತಾಯಿಗಳೊಂದಿಗೆ ಮಕ್ಕಳಿಗೆ ಅರ್ಧ ಹೊಂದಾಣಿಕೆ ಇದ್ದೇ ಇರುತ್ತದೆ. ಒಡಹುಟ್ಟಿದವರಲ್ಲಿ ಪೂರ್ಣ ಹೊಂದಾಣಿಕೆಗೆ ನಾಲ್ಕರಲ್ಲಿ ಒಂದು, ಅರ್ಧಕ್ಕೆ ನಾಲ್ಕರಲ್ಲಿ ಎರಡು, ಏನೂ ಹೊಂದದಿರುವುದಕ್ಕೆ ನಾಲ್ಕರಲ್ಲಿ ಒಂದು ಅವಕಾಶ. ಇಂದಿನ ಔಷಧಗಳು ಪ್ರಬಲವಾಗಿರುವುದರಿಂದ ರಕ್ತಸಂಬಂಧವಿಲ್ಲದ ಗಂಡ ಅಥವಾ ಹೆಂಡತಿಯ ಮೂತ್ರಪಿಂಡವೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಇದೆಲ್ಲ ವಿಜ್ಞಾನದ ಲೆಕ್ಕ. ಇದಕ್ಕಿಂತ ಕಠಿನವಾದ ಲೆಕ್ಕವೊಂದು ಮನೆಯೊಳಗೆ ಕಾದಿರುತ್ತದೆ.

ಕೇಳುವುದು ಹೇಗೆ?

ಡೊಂಬಿವಲಿಯಲ್ಲೋ ಠಾಣೆಯಲ್ಲೋ ಎರಡು ಕೋಣೆಗಳ ಮನೆಯಲ್ಲಿರುವ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ಹದಿನೆಂಟನೆಯ ವಯಸ್ಸಿಗೆ ಊರು ಬಿಟ್ಟು ಬಂದವನು. ತಮ್ಮನ ಓದಿನ ಖರ್ಚನ್ನೂ ತಂಗಿಯ ಮದುವೆಯ ಸಾಲವನ್ನೂ ಹೊತ್ತು ತೀರಿಸಿದವನು. ಈಗ ವಾರಕ್ಕೆರಡು ಸಲ ಡಯಾಲಿಸಿಸ್. ಭಾನುವಾರ ಸಂಜೆ ಊರಿಗೆ ಫೋನು ಮಾಡುತ್ತಾನೆ. “ಹೇಗಿದ್ದೀ ಅಣ್ಣ?” ಎಂದು ತಮ್ಮ ಕೇಳುತ್ತಾನೆ. “ಹೀಗೇ ಇದ್ದೇನೆ ಮಾರಾಯ, ಅಲ್ಲಿ ಮಳೆ ಹೇಗೆ?” ಎಂದು ಅಣ್ಣ ಹೇಳುತ್ತಾನೆ. ಮಳೆ, ಅಡಿಕೆಯ ಕೊಳೆರೋಗ, ಹಸು ಕರು ಹಾಕಿದ ಸುದ್ದಿ ಎಲ್ಲವೂ ಬರುತ್ತವೆ. ಕೇಳಬೇಕಾದ ಮಾತೊಂದು ಮಾತ್ರ ಬರುವುದಿಲ್ಲ. ಕೇಳಿದರೆ ತಮ್ಮನು ಹಳೆಯ ಉಪಕಾರದ ಋಣವನ್ನು ವಸೂಲು ಮಾಡುತ್ತಿರುವನೆಂದು ತಿಳಿದಾನು ಎಂಬ ಅಳುಕು ಅಣ್ಣನಿಗೆ. ಎರಡು ಎಳೆಯ ಮಕ್ಕಳಿವೆ, ದಿನವೂ ತೋಟದ ಕೆಲಸವಿದೆ, ತನಗೇನಾದರೂ ಆದರೆ ಹೇಗೆ ಎಂಬ ಭಯ ತಮ್ಮನಿಗೆ. ಇವರಲ್ಲಿ ಯಾರೂ ಕೆಟ್ಟವರಲ್ಲ. ಆದರೂ ಫೋನಿನ ಮಾತು ವಾರದಿಂದ ವಾರಕ್ಕೆ ಗಿಡ್ಡವಾಗುತ್ತದೆ.

ಅಷ್ಟರಲ್ಲಿ ಎಪ್ಪತ್ತರ ಸಮೀಪದ ತಾಯಿ, “ನನ್ನದನ್ನೇ ತೆಗೆದುಕೊಳ್ಳಿ, ನಾನು ಇನ್ನೆಷ್ಟು ದಿನ?” ಎನ್ನುತ್ತಾಳೆ. ರಕ್ತದ ಒತ್ತಡದ ಕಾರಣ ವೈದ್ಯರು ಬೇಡವೆನ್ನುತ್ತಾರೆ. ಕೊನೆಗೆ, ಯಾರೂ ಕೇಳದೆಯೇ, ಹೆಂಡತಿ ಮುಂದೆ ಬರುತ್ತಾಳೆ. ಈ ದೇಶದಲ್ಲಿ ಜೀವಂತ ದಾನಿಗಳ ಪೈಕಿ ಹತ್ತರಲ್ಲಿ ಆರಕ್ಕಿಂತ ಹೆಚ್ಚು ಮಂದಿ ಸ್ತ್ರೀಯರು. ಪಡೆಯುವವರಲ್ಲಿ ಹೆಚ್ಚಿನವರು ಪುರುಷರು. ಹೆಂಡತಿಯ ಪ್ರೀತಿಯನ್ನು ಯಾರೂ ಸಂಶಯಿಸಬೇಕಾಗಿಲ್ಲ. ಆದರೆ “ಗಂಡ ದುಡಿಯುವವನು, ಅವನಿಗೆ ಶಸ್ತ್ರಕ್ರಿಯೆ ಬೇಡ” ಎಂಬ ಮಾತು ಹೇಳದೆಯೇ ಹರಡಿರುವ ಮನೆಯಲ್ಲಿ ಅವಳಿಗೆ ಬೇಡವೆನ್ನುವ ದಾರಿ ಇತ್ತೇ ಎಂಬ ಪ್ರಶ್ನೆಯನ್ನು ಕೇಳಲೇಬೇಕು. ಅದೇ ಹೆಂಡತಿಯ ಮೂತ್ರಪಿಂಡಗಳು ಕೆಟ್ಟಿದ್ದರೆ ಎಷ್ಟು ಮಂದಿ ಮುಂದೆ ಬರುತ್ತಿದ್ದರು ಎಂಬುದನ್ನೂ ಕೇಳಬೇಕು.

ಆದುದರಿಂದ ಕೇಳುವುದಕ್ಕೊಂದು ರೀತಿ ಬೇಕು. ರೋಗಿಯೇ ಬಾಯಿಬಿಟ್ಟು ಬೇಡುವುದಕ್ಕಿಂತ, ಎರಡೂ ಕಡೆಯವರ ಗೌರವಕ್ಕೆ ಪಾತ್ರರಾದ ಒಬ್ಬರು ಎಲ್ಲ ಬಂಧುಗಳಿಗೂ ಒಂದೇ ಸಮನಾಗಿ ವಿಷಯವನ್ನು ತಿಳಿಸುವುದು ಒಳಿತು. “ನೀನು ಕೊಡು” ಎನ್ನುವುದರ ಬದಲು, “ರೋಗ ಹೀಗಿದೆ, ದಾನಿಗೆ ಹೀಗೆ ಹೀಗೆ ಆಗುತ್ತದೆ, ಪರೀಕ್ಷೆ ಮಾಡಿಸಿಕೊಳ್ಳಲು ಇಚ್ಛೆಯಿದ್ದವರು ವೈದ್ಯರನ್ನು ಕಾಣಬಹುದು” ಎಂದಷ್ಟೇ ಹೇಳಿ ಕೆಲವು ವಾರಗಳ ಅವಕಾಶ ಕೊಡಬೇಕು. ಆಸ್ತಿಯ ಪಾಲು, ಹಳೆಯ ಸಾಲ, ಉಪಕಾರಗಳ ಮಾತನ್ನು ಅದರೊಡನೆ ಬೆರೆಸಕೂಡದು. ಮುಂದೆ ಬಂದವರನ್ನು ವೈದ್ಯರು ಏಕಾಂತದಲ್ಲಿ ವಿಚಾರಿಸುತ್ತಾರೆ. ಮನಸ್ಸಿಲ್ಲವೆಂದು ಅಲ್ಲಿ ಹೇಳಿದರೆ, “ಇವರು ದಾನಕ್ಕೆ ಯೋಗ್ಯರಲ್ಲ” ಎಂದಷ್ಟೇ ಮನೆಯವರಿಗೆ ತಿಳಿಸಿ ಕಾರಣವನ್ನು ಗುಟ್ಟಾಗಿಡುವ ಪದ್ಧತಿ ವೈದ್ಯರಲ್ಲಿದೆ. ಬಂಧುತ್ವವು ಮುರಿಯದಂತೆ ಕಾಯುವ ಈ ಪದ್ಧತಿಯ ವಿಚಾರ ದಾನಿಗೆ ಮೊದಲೇ ಗೊತ್ತಿರಬೇಕು. ಶಸ್ತ್ರಕ್ರಿಯೆಯ ಕೋಣೆಗೆ ಹೋಗುವ ಕ್ಷಣದವರೆಗೂ ದಾನಿಯು ಹಿಂದೆ ಸರಿಯಬಹುದು. ಕೊಡಲಾರೆನೆಂದವನ ಮನೆಗೆ ಮುಂದಿನ ದೀಪಾವಳಿಗೂ ಕರೆ ಹೋಗಬೇಕು.

ಕಾನೂನಿನ ಕಾವಲು

ಒಂದು ಕಾಲದಲ್ಲಿ ಬಡವರ ಮೂತ್ರಪಿಂಡಗಳು ಈ ದೇಶದ ಮಹಾನಗರಗಳಲ್ಲಿ ಬಹಿರಂಗವಾಗಿಯೇ ಕ್ರಯವಿಕ್ರಯವಾಗುತ್ತಿದ್ದವು. 1994ರ ಮಾನವ ಅಂಗಾಂಗ ಕಸಿ ಕಾಯಿದೆಯು ಅದನ್ನು ನಿಷೇಧಿಸಿತು. ತಂದೆ, ತಾಯಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ, ಗಂಡ, ಹೆಂಡತಿ ಇವರನ್ನು ಅದು ಹತ್ತಿರದ ಬಂಧುಗಳೆಂದು ಕರೆಯಿತು. 2011ರ ತಿದ್ದುಪಡಿಯು ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿತು. ಕನ್ನಡಿಗರಿಗೆ ಎಷ್ಟೇ ಆತ್ಮೀಯರಾದರೂ ಸೋದರಮಾವ, ಚಿಕ್ಕಪ್ಪನ ಮಗ, ಭಾವಮೈದುನರು ಈ ಪಟ್ಟಿಯಲ್ಲಿಲ್ಲ. ಅವರು ಅಥವಾ ಸ್ನೇಹಿತರು ಕೊಡುವುದಾದರೆ, ಹಣದ ವ್ಯವಹಾರವಿಲ್ಲದೆ ಕೇವಲ ಪ್ರೀತಿಯಿಂದ ಕೊಡುತ್ತಿರುವರೆಂಬುದನ್ನು ಅಧಿಕೃತ ಸಮಿತಿಯೊಂದರ ಮುಂದೆ ಸಿದ್ಧಪಡಿಸಬೇಕು. ಅಂಥ ದಾನಿಯು ಬೇರೆ ರಾಜ್ಯದವನಾದರೆ, ಅವನ ವಾಸಸ್ಥಳದ ಬಗ್ಗೆ ತಹಶೀಲ್ದಾರರ ಇಲ್ಲವೆ ಇತರ ಅಧಿಕಾರಿಯ ದೃಢೀಕರಣವೂ ಬೇಕು. ಊರಿನ ದಾನಿ, ನಗರದ ಆಸ್ಪತ್ರೆ ಎಂಬ ಸ್ಥಿತಿಯಲ್ಲಿರುವ ವಲಸೆಗಾರರು ಕಾಗದಪತ್ರಗಳಿಗೆ ಮೊದಲೇ ಕಾಲಾವಕಾಶ ಇಟ್ಟುಕೊಳ್ಳುವುದು ಲೇಸು.

ಮನೆಯ ದಾನಿಯ ರಕ್ತದ ಗುಂಪು ಹೊಂದದಿದ್ದರೆ, ಅದೇ ತೊಂದರೆಯಲ್ಲಿರುವ ಇನ್ನೊಂದು ಕುಟುಂಬದೊಡನೆ ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು 2011ರ ತಿದ್ದುಪಡಿಯು ದಾರಿ ಮಾಡಿದೆ. ಹಣಕ್ಕೆ ಮೂತ್ರಪಿಂಡ ಕೊಡಿಸುವೆನೆಂದು ಬರುವ ದಲ್ಲಾಳಿಯನ್ನು ಮಾತ್ರ ಹೊಸ್ತಿಲು ದಾಟಿಸಕೂಡದು. ಕೊಂಡವನಿಗೂ ಮಾರಿಸಿದವನಿಗೂ 5ರಿಂದ 10 ವರ್ಷಗಳ ಸೆರೆವಾಸ ಮತ್ತು 20 ಲಕ್ಷದಿಂದ 1 ಕೋಟಿ ರೂಪಾಯಿಗಳ ದಂಡವಿದೆ.

ಜೀವಂತ ದಾನಿ ದೊರೆಯದವರಿಗೆ ಮಿದುಳು ಸತ್ತವರ ಅಂಗಗಳು ಉಳಿದ ಆಶೆ. 2021ರಲ್ಲಿ ಅಪಘಾತಕ್ಕೀಡಾದ ಕನ್ನಡದ ನಟ ಸಂಚಾರಿ ವಿಜಯ್ ಅವರ ಅಂಗಗಳನ್ನು ಕುಟುಂಬದವರು ದಾನ ಮಾಡಿದುದು ನಾಡಿನ ನೆನಪಿನಲ್ಲಿದೆ. ಇಂಥ ದಾನಕ್ಕಾಗಿ ಹೆಸರು ನೋಂದಾಯಿಸಲು ಆಯಾ ರಾಜ್ಯದ ನಿವಾಸಿಯೇ ಆಗಿರಬೇಕೆಂಬ ನಿಬಂಧನೆಯನ್ನು ಕೈಬಿಡುವಂತೆ ಕೇಂದ್ರ ಸರ್ಕಾರವು 2023ರಲ್ಲಿ ರಾಜ್ಯಗಳಿಗೆ ತಿಳಿಸಿತು. ಪರಸ್ಥಳದಲ್ಲಿ ನೆಲೆಸಿದವರಿಗೆ ಇದು ಉಪಯುಕ್ತ. ಜೀವಂತ ದಾನಿಯ ಶೋಧ ನಡೆಯುತ್ತಿರುವಾಗಲೇ ಆಸ್ಪತ್ರೆಯ ಮೂಲಕ ಈ ನೋಂದಣಿಯನ್ನೂ ಮಾಡಿಸಿಡಬೇಕು.

ಕೊಟ್ಟವರ ಬಾಳು

ಕೊಡುವವರ ಭಯಕ್ಕೆ ಸತ್ಯವೇ ಮದ್ದು. ದಾನಿಯ ಶಸ್ತ್ರಕ್ರಿಯೆಯು ಈಗ ಹೆಚ್ಚಾಗಿ ಸಣ್ಣ ರಂಧ್ರಗಳ ಮೂಲಕ ನಡೆಯುತ್ತದೆ. ಕೆಲವೇ ದಿನಗಳಲ್ಲಿ ಮನೆಗೆ ಹೋಗಬಹುದು. ನಾಲ್ಕರಿಂದ ಆರು ವಾರಗಳಲ್ಲಿ ಸಾಮಾನ್ಯ ಕೆಲಸಕ್ಕೆ ಮರಳಬಹುದು. ಉಳಿದ ಮೂತ್ರಪಿಂಡವು ತನ್ನ ಶಕ್ತಿಯನ್ನು ಹೆಚ್ಚಿಸಿಕೊಂಡು, ಮೊದಲು ಎರಡೂ ಸೇರಿ ಮಾಡುತ್ತಿದ್ದ ಕೆಲಸದ ಸುಮಾರು ಮುಕ್ಕಾಲು ಪಾಲನ್ನು ಒಂದೇ ನಿರ್ವಹಿಸುತ್ತದೆ. ಅಪಾಯವಿಲ್ಲವೇ ಇಲ್ಲವೆಂದು ಹೇಳುವುದು ಮಾತ್ರ ಸುಳ್ಳು. ಹತ್ತು ಸಾವಿರ ದಾನಿಗಳಲ್ಲಿ ಸುಮಾರು ಮೂವರು ಶಸ್ತ್ರಕ್ರಿಯೆಯ ಸಂಬಂಧದಿಂದ ಮೃತರಾಗುವ ಸಂಭವವಿದೆ. ಮುಂದೆ ತಮ್ಮದೇ ಮೂತ್ರಪಿಂಡ ಕೆಡುವ ಸಂಭವವೂ ಸ್ವಲ್ಪ ಏರುತ್ತದೆ, ಆದರೂ ಕಡಿಮೆಯೇ. ಆದ್ದರಿಂದ ದಾನಿಯು ವರ್ಷಕ್ಕೊಮ್ಮೆ ರಕ್ತದ ಒತ್ತಡ, ಮೂತ್ರ, ಕ್ರಿಯಾಟಿನಿನ್‌ಗಳನ್ನು ಪರೀಕ್ಷಿಸಿಕೊಳ್ಳುತ್ತಿರಬೇಕು. ಪಡೆದವರ ಆರೋಗ್ಯವನ್ನು ನೂರು ಮಂದಿ ವಿಚಾರಿಸುತ್ತಾರೆ; ಕೊಟ್ಟವರನ್ನು ಆರು ತಿಂಗಳ ಮೇಲೆ ಯಾರೂ ಕೇಳುವುದಿಲ್ಲ.

ಸಂಘಗಳಿಂದ ಆಗಬಹುದಾದುದು

ಪರಸ್ಥಳದ ಕನ್ನಡ ಸಂಘಗಳು ರೋಗಿಗಳಿಗೆ ಧನಸಹಾಯ ಮಾಡುತ್ತ ಬಂದಿವೆ. ರಕ್ತದಾನ ಶಿಬಿರಗಳನ್ನೂ ನಡೆಸುತ್ತಿವೆ. ಇವುಗಳೊಡನೆ, ಹಣ ಬೇಡದ ಇನ್ನೊಂದು ಸೇವೆಯನ್ನು ಅವು ಕೈಗೊಳ್ಳಬಹುದು. ಊರಿನಿಂದ ರೈಲು ಹತ್ತಿ ಬಂದ ತಂಗಿಗೋ ತಾಯಿಗೋ ನಗರದ ವೈದ್ಯರ ಮರಾಠಿ, ಹಿಂದಿ, ತಮಿಳು, ತೆಲುಗು ತಿಳಿಯುವುದಿಲ್ಲ. ಒಪ್ಪಿಗೆಯ ಪತ್ರವೂ ಅವಳ ಭಾಷೆಯಲ್ಲಿಲ್ಲ. ವೈದ್ಯರು ಏಕಾಂತದಲ್ಲಿ, “ನಿಮಗೆ ನಿಜವಾಗಿ ಮನಸ್ಸಿದೆಯೇ?” ಎಂದು ಕೇಳಿದಾಗ ಆ ಮಾತನ್ನು ಕನ್ನಡಿಸಿ ಹೇಳುವವರು ಹೆಚ್ಚಾಗಿ ರೋಗಿಯ ಮನೆಯವರೇ. ಅಲ್ಲಿಗೆ ಏಕಾಂತವೇ ಇಲ್ಲವಾಯಿತು. ದಾನಿಯು ಸ್ತ್ರೀಯಾಗಿದ್ದರೆ ಅವಳ ಸ್ವತಂತ್ರ ಒಪ್ಪಿಗೆಯನ್ನು ಪಡೆಯುವವನ ಹೊರತು ಬೇರೊಬ್ಬರಿಂದ ದೃಢಪಡಿಸಿಕೊಳ್ಳಬೇಕೆಂದು ನಿಯಮವೇ ಹೇಳುತ್ತದೆ. ಆ ಬೇರೊಬ್ಬರು ಸಂಘದ ಒಬ್ಬ ಹಿರಿಯ ಸದಸ್ಯೆಯಾಗಿ, ಎರಡೂ ಮನೆಗಳಿಗೆ ಸಂಬಂಧವಿಲ್ಲದ ಕನ್ನಡತಿಯಾಗಿ, ದಾನಿಯ ಪಕ್ಕದಲ್ಲಿ ಕುಳಿತು ಅವಳ ಹೌದನ್ನೂ ಅಲ್ಲವನ್ನೂ ಇದ್ದಂತೆಯೇ ವೈದ್ಯರಿಗೆ ತಲುಪಿಸಿದರೆ ಅದಕ್ಕಿಂತ ಹಿರಿದಾದ ಭಾಷಾಸೇವೆ ಬೇರೊಂದಿರಲಾರದು.

ಶಸ್ತ್ರಕ್ರಿಯೆಯ ಮೊದಲು ಆ ದಾನಿಗೆ ಉಳಿದುಕೊಳ್ಳಲು ಒಂದು ಕೋಣೆ, ಅನಂತರ ಆರು ವಾರ ಭಾರ ಎತ್ತದಂತೆ ನೋಡಿಕೊಳ್ಳುವ ಒಂದು ಮನೆ, ವರ್ಷಕ್ಕೊಮ್ಮೆ “ಪರೀಕ್ಷೆ ಮಾಡಿಸಿಕೊಂಡಿರಾ?” ಎಂದು ವಿಚಾರಿಸುವ ಒಂದು ಕಾಗದ, ಇಷ್ಟನ್ನು ಯಾವ ಸಣ್ಣ ಸಂಘವಾದರೂ ಮಾಡಬಹುದು. ಕಣ್ಣಪ್ಪನು ಯಾರೂ ಕೇಳದೆಯೇ ಕೊಟ್ಟನು. ಸಾಮಾನ್ಯರ ಮನೆಗಳಲ್ಲಿ ಕೇಳಲೇಬೇಕಾಗುತ್ತದೆ. ಬೇಡವೆನ್ನಲು ಅವಕಾಶವಿದ್ದೂ “ಕೊಡುತ್ತೇನೆ” ಎಂದವರ ದಾನವೇ ದಾನ.